‘ನಿಲ್ಸಿ!’ ಎಂದರೂ ನಿಲ್ಲದ ಕಾರು

ಕಾರು ಕಲಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ! ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ. ನನ್ನ ಡ್ರೈವಿಂಗ್ ಸ್ಕೂಲಿನ ವಿದ್ಯೆಯೆಲ್ಲ ಒಂದೇ ಮಾತಿನಲ್ಲಿದೆ: ‘ನಿಲ್ಸಿ!’ ಶಿಷ್ಯರು ಗಾಬರಿಯಲ್ಲಿ ಬ್ರೇಕು ಮರೆತು ದೇವರನ್ನು ನೆನೆಯುತ್ತಿರುವಾಗ ನಾನು ಹಾಗೆ ಗರ್ಜಿಸಿ, ಪಕ್ಕದ ಸೀಟಿನಲ್ಲಿ ನನಗೆಂದೇ ಇರುವ ಎರಡನೆಯ ಬ್ರೇಕನ್ನು ತುಳಿಯುತ್ತೇನೆ. ಕಾರು ನಿಲ್ಲುತ್ತದೆ. ಕೀರ್ತಿಯೆಲ್ಲ ಗರ್ಜನೆಗೆ!

ಇಂಥವನ ಹೆಂಡತಿ ಪಕ್ಕದ ಬೀದಿಯ ಡ್ರೈವಿಂಗ್ ಸ್ಕೂಲಿಗೆ ಸೇರುತ್ತೇನೆಂದಳು! ಸ್ವಂತ ಹೆಂಡತಿಯೇ ಅಲ್ಲಿಗೆ ಹೋದರೆ ನನ್ನ ಸ್ಕೂಲಿಗೆ ಬಾಗಿಲು ಹಾಕಬೇಕಷ್ಟೆ. "ನಾನೇ ಕಲಿಸ್ತೀನಿ" ಎಂದು ಭಾನುವಾರ ಮನೆಯ ಕಾರಿನಲ್ಲಿ ಕೂರಿಸಿದೆ.

"ನೋಡು, ‘ನಿಲ್ಸು’ ಅಂದ್ರೆ ಅರ್ಥ ಏನು?"

"ನಿಲ್ಸೋದು."

"ತಪ್ಪು! ಯಾಕೆ, ಎಲ್ಲಿ ಅಂತ ಕೇಳದೆ ನಿಲ್ಸೋದು. ಅದು ಸಲಹೆ ಅಲ್ಲ, ಅಪ್ಪಣೆ."

"ಮದುವೆ ಆದಾಗಿಂದ ‘ಭಾಷಣ ನಿಲ್ಸಿ’ ಅಂತಿದ್ದೀನಲ್ಲ, ಅದು ಏನು ಮತ್ತೆ?"

ಅದು ಪಾಠದಲ್ಲಿಲ್ಲ ಎಂದು ಗದರಿದೆ. ಬೀದಿಯ ತಿರುವಿನಲ್ಲಿ "ನಿಲ್ಸು!" ಎಂದೆ. ಅವಳು ನೀಟಾಗಿ ನಿಲ್ಲಿಸಿದಳು. ನಾನು ಮಾತ್ರ ಅಭ್ಯಾಸಬಲದಿಂದ, ಮನೆಯ ಕಾರಿನಲ್ಲಿ ಇಲ್ಲದ ಎರಡನೆಯ ಬ್ರೇಕನ್ನು ಹುಡುಕಿ ಬರಿಯ ನೆಲ ತುಳಿದು ಮಂಡಿ ಉಳುಕಿಸಿಕೊಂಡಿದ್ದೆ. ಅದನ್ನು ಹೇಳಲಾದೀತೇ? "ಹೀಗಾ ನಿಲ್ಸೋದು? ಇಳಿ, ತೋರಿಸ್ತೀನಿ" ಎಂದು ಜಾಗ ಬದಲಿಸಿದೆ.

ಪಕ್ಕದ ಸೀಟಿನಲ್ಲೇ ಬಾಳು ಸವೆಸಿದ ನಾನು ಸ್ಟೀರಿಂಗ್ ಹಿಡಿದು ಎಷ್ಟೋ ಕಾಲವಾಗಿತ್ತು. ಆದರೇನು, ಗುರು ಗುರುವೇ! ಠೀವಿಯಿಂದ ರಿವರ್ಸ್ ಬಿಟ್ಟೆ. ತಿರುವಿನಲ್ಲೇ ಇರುವ ಮೇಷ್ಟರ ಮನೆಯ ಹೊಸ ಕಾಂಪೌಂಡ್ ಗೋಡೆ ಕನ್ನಡಿಯಲ್ಲಿ ದೊಡ್ಡದಾಗುತ್ತ ಬಂತು. ನನ್ನ ಸಮಸ್ತ ಅನುಭವವನ್ನೂ ಒಟ್ಟುಗೂಡಿಸಿ ಗರ್ಜಿಸಿದೆ: "ನಿಲ್ಸಿ!"

ಗರ್ಜಿಸಿ, ಕಾರು ನಿಲ್ಲಲೆಂದು ಕಾದೆ.

"ಯಾರಿಗ್ರೀ ಹೇಳ್ತಿದ್ದೀರಾ?" ಹೆಂಡತಿ ಕಿರುಚಿದಳು. "ಓಡಿಸ್ತಿರೋದು ನೀವು!"

ಕಾರನ್ನು ಗೋಡೆಯೇ ನಿಲ್ಲಿಸಿತು.

ನಾವು ಇಳಿದು ನಿಂತಾಗ ಮೇಷ್ಟರು ಓಡಿ ಬಂದರು. ಬಿದ್ದ ಇಟ್ಟಿಗೆಗಳನ್ನೂ ನನ್ನ ಹೆಂಡತಿಯನ್ನೂ ನೋಡಿ, "ಪಾಪ, ಅಮ್ಮಾವ್ರು ಹೊಸಬರಲ್ವಾ, ಆಗತ್ತೆ ಬಿಡಿ" ಎಂದರು. ನಾನು ನಾಚಿಕೆಯಿಲ್ಲದೆ ಹೌದೆಂದು ತಲೆಯಾಡಿಸಿದೆ. ಅವಳು ಅದನ್ನು ನೋಡಿದಳು. ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಬೆಳಿಗ್ಗೆಯೇ ಎದ್ದು ಪಕ್ಕದ ಬೀದಿಗೆ ಹೋಗಿ ಬಂದಳು. ನಾನು ಬಾಗಿಲಲ್ಲೇ ತಡೆದೆ.

"ಸೇರೇಬಿಟ್ಯಾ? ನನ್ನ ಮಾನ ಏನಾಗ್ಬೇಕು?"

"ನಾನ್ಯಾಕ್ರೀ ಸೇರ್ಲಿ?" ಎಂದಳು ಚಪ್ಪಲಿ ಬಿಡುತ್ತ. "ನಿಮ್ಮ ಹೆಸರು ಬರೆಸಿ ಬಂದೆ. ನಾಳೆಯಿಂದ ಕ್ಲಾಸು."