ಪಕ್ಕದ ಮನೆಯವರು ಅಂದ ಪಾಪ

ಬಾಣಂತಿ ಎಂದರೆ ಮನೆಗೆ ಮಹಾರಾಣಿ ಇದ್ದಂತೆ ಎಂದು ಹೇಳುವವರು ಒಂದೋ ಬಾಣಂತಿಯಾಗಿ ನೋಡಿಲ್ಲ, ಇಲ್ಲವೇ ಮಹಾರಾಣಿಯರ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ. ಮಹಾರಾಣಿಗೆ ಕಡೇಪಕ್ಷ ತನ್ನ ರಾಜ್ಯದಲ್ಲಿ ಏನು ನಡೆದಿದೆ ಎಂದು ಯಾರಾದರೂ ಬಂದು ಒಪ್ಪಿಸುತ್ತಾರೆ. ನನಗೆ ಆ ಭಾಗ್ಯವೂ ಇರಲಿಲ್ಲ. ತಲೆಗೆ ಬಿಗಿಯಾಗಿ ಸ್ಕಾರ್ಫು, ಎರಡೂ ಕಿವಿಗೆ ಹತ್ತಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಗೆ. ಬಾಣಂತಿಯ ಕಿವಿಗೆ ಗಾಳಿ ಹೊಕ್ಕರೆ ಮುದುಕಿಯಾದ ಮೇಲೆ ತಲೆನೋವು ಬರುತ್ತದೆ ಎಂಬುದು ನಮ್ಮವ್ವನ ಶಾಸ್ತ್ರ. ಮುದುಕಿಯಾದಾಗಿನದನ್ನು ಆಗ ನೋಡಿಕೊಂಡರಾಯಿತು, ಈಗಿನ ತಲೆನೋವಿಗೆ ಏನಾದರೂ ಮಾಡು ಎಂದರೆ ಅವಳಿಗೆ ಕೇಳಿಸುತ್ತಿರಲಿಲ್ಲ, ಹತ್ತಿ ಇದ್ದದ್ದು ನನ್ನ ಕಿವಿಯಲ್ಲಾದರೂ. ಹೀಗಾಗಿ ಸಿಂಧನೂರಿನಲ್ಲಿ ನಮ್ಮದೇ ಬಾಗಿಲಲ್ಲಿ ನಡೆದ ರಾದ್ಧಾಂತ ನನಗೆ ತಿಳಿದದ್ದು ಲಿಂಗಸುಗೂರಿನಿಂದ, ಅದೂ ಮೂರು ದಿನ ತಡವಾಗಿ.

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುವುದು ಲೋಕರೂಢಿ. ನನಗೆ ಬಿ.ಪಿ. ಏರಿತ್ತಾದ್ದರಿಂದ ಡಾಕ್ಟರಮ್ಮ ಊರು ಬಿಟ್ಟು ಕದಲಬಾರದು ಎಂದರು. ಆಗ ತವರೇ ಬಸ್ಸು ಹತ್ತಿ ನನ್ನ ಬಾಡಿಗೆ ಮನೆಗೆ ಬಂತು. ಪಾಮನಕಲ್ಲೂರಿನಿಂದ ಮಸ್ಕಿ, ಮಸ್ಕಿಯಿಂದ ಸಿಂಧನೂರು. ಅವ್ವನ ಜೊತೆ ಜೋಳದ ಹಿಟ್ಟಿನ ಚೀಲ, ಅಗ್ಗಿಷ್ಟಿಗೆ, ಬಜೆ, ಲೋಬಾನ, ಕೂಸಿನ ತಲೆ ಬೆನ್ನು ಮುಚ್ಚಲು ಹಳೆಯ ಸೀರೆಯಲ್ಲಿ ಹೊಲಿದ ಕುಂಚಿಗೆಗಳು. ಕೂಸು ಹುಟ್ಟಿದ ಮಾರನೆಯ ದಿನ ವಳಕಮದಿನ್ನಿಯಿಂದ ಅತ್ತೆ ಬಂದರು. ಅವರದು ಕಾಲುವೆ ನೀರಿನ ಸೀಮೆ, ಆದ್ದರಿಂದ ಅವರ ಜೊತೆ ಬಂದದ್ದು ಅಕ್ಕಿ ಚೀಲ. ಅಡುಗೆಮನೆಯಲ್ಲಿ ಎರಡು ಚೀಲಗಳು ಎದುರುಬದುರು ಕೂತ ಗಳಿಗೆಯಲ್ಲೇ ನನಗೆ ಮುಂದಿನದು ಅರ್ಥವಾಗಬೇಕಿತ್ತು.

“ಅನ್ನ ಉಂಡ್ರ ಬಾಣಂತಿ ಸೊಂಟಕ್ಕ ಕಸುವು ಬರತೈತೇನ್ರಿ ಬೀಗತಿ? ನೀರು ಕುಡದಂಗ ಅದು,” ಎಂದು ಅವ್ವ ರೊಟ್ಟಿ ಬಡಿಯುತ್ತಲೇ ಶುರುಮಾಡುತ್ತಿದ್ದಳು.

“ನಮ್ಮ ಕಡಿ ಹೆಣ್ಮಕ್ಕಳು ಅನ್ನ ಉಂಡ ಹಡದಾರ್ರಿ. ಯಾರ ಸೊಂಟಾನೂ ಇನ್ನೂ ಕಳದಿಲ್ಲ,” ಎಂದು ಅತ್ತೆ ಕುಕ್ಕರಿನ ಸೀಟಿಯ ಸಮಕ್ಕೆ ಉತ್ತರ ಕೊಡುತ್ತಿದ್ದರು.

ಇಬ್ಬರ ಮರ್ಯಾದೆಯೂ ಉಳಿಯಲಿ ಎಂದು ನಾನು ಎರಡನ್ನೂ ಉಣ್ಣುತ್ತಿದ್ದೆ. ಅದರಿಂದ ಕೂಸಿಗೆ ವಾಯುವಾಯಿತು. ಅದಕ್ಕೆ ಅನ್ನ ಕಾರಣವೋ ರೊಟ್ಟಿ ಕಾರಣವೋ ಎಂದು ಮತ್ತೊಂದು ಸುತ್ತು ಮಾತು ನಡೆಯಿತು. ನನ್ನ ಗಂಡ ಗೊಬ್ಬರದ ಅಂಗಡಿ ಇಟ್ಟುಕೊಂಡವನು. ಇಂಥ ಹೊತ್ತಿನಲ್ಲಿ ಅವನಿಗೆ ಅಂಗಡಿಯಲ್ಲಿ ಏನಾದರೂ ಕೆಲಸ ನೆನಪಾಗುತ್ತಿತ್ತು.

ಕೂಸನ್ನು ಕಂಡ ಕೂಡಲೇ ತಾಯಿಗೆ ಎದೆ ತುಂಬಿ ಬರುತ್ತದೆ ಎಂದು ಕೇಳಿದ್ದೆ. ನನಗೆ ಮೊದಲು ಬಂದ ವಿಚಾರ, ಮೂಗು ಅತ್ತೆಯದು ಎಂಬುದು. ನಾನು ಇಲ್ಲಿನ ಒಂದು ರೈಸ್ ಮಿಲ್ಲಿನಲ್ಲಿ ವೇ ಬ್ರಿಡ್ಜಿನ ಪಕ್ಕದ ಕೋಣೆಯಲ್ಲಿ ಕೂತು ಲಾರಿಗಳ ತೂಕ ಬರೆದುಕೊಳ್ಳುವವಳು. ತುಂಬಿದ ಲಾರಿ ಎಷ್ಟು, ಖಾಲಿ ಲಾರಿ ಎಷ್ಟು, ಕಳೆದರೆ ಭತ್ತ ಎಷ್ಟು ಎಂಬುದು ತಪ್ಪದೆ ಹೊಂದುವ ಜಾಗ ಅದು. ಕೂಸಿನ ವಿಷಯದಲ್ಲಿ ಯಾವುದೂ ಹೊಂದುತ್ತಿರಲಿಲ್ಲ. ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದೇ ಹೆಚ್ಚಿರುತ್ತಿತ್ತು. ಮೇಲಾಗಿ ಕೂಸು ನನ್ನ ಕೈಗೆ ಸಿಗುತ್ತಿದ್ದದ್ದು ಹಾಲು ಕುಡಿಯುವಾಗ ಮಾತ್ರ. ಎರೆಯುವವಳು ಅವ್ವ, ಲೋಬಾನದ ಹೊಗೆ ಹಾಕುವವಳು ಅವ್ವ, ಕಾಡಿಗೆ ಹಚ್ಚುವವರು ಅತ್ತೆ, ಫೋಟೋ ತೆಗೆಯುವವನು ಗಂಡ. ಅತ್ತರೆ ಮಾತ್ರ ಎಲ್ಲರೂ ನೆನಪು ಮಾಡಿಕೊಂಡು ನನಗೆ ತಂದು ಕೊಡುತ್ತಿದ್ದರು.

ಈಗ ರಮಣಮ್ಮನ ವಿಷಯ. ನಮ್ಮ ಪಕ್ಕದ ಮನೆಯವರು. ಸಿಂಧನೂರಿನ ಸುತ್ತ ಕಾಲುವೆ ನೀರಿಗೆಂದು ಬಂದು ನೆಲೆಸಿದ ತೆಲುಗರ ಕ್ಯಾಂಪೊಂದರಲ್ಲಿ ಹುಟ್ಟಿ ಬೆಳೆದವರು. ತರಕಾರಿ ಚೌಕಾಸಿಗೆ ಕನ್ನಡ, ಸಿಟ್ಟಿಗೂ ಮುದ್ದಿಗೂ ತೆಲುಗು ಎಂದು ಭಾಷೆಗಳಿಗೆ ಕೆಲಸ ಹಂಚಿಟ್ಟವರು. ನನಗೆ ನೋವು ಕಾಣಿಸಿಕೊಂಡ ಮಧ್ಯಾಹ್ನ ಗಂಡ ಲೋಡು ಇಳಿಸಲು ಮಸ್ಕಿಗೆ ಹೋಗಿದ್ದ, ಅವ್ವ ಮನೆಯಲ್ಲಿದ್ದರೂ ಅವಳಿಗೆ ಆಸ್ಪತ್ರೆ ಯಾವ ದಿಕ್ಕಿಗಿದೆ ಎಂದು ಗೊತ್ತಿರಲಿಲ್ಲ. ಒಲೆಯ ಮೇಲಿನ ಸಾರನ್ನು ಹಾಗೇ ಬಿಟ್ಟು ಆಟೋ ತಂದವರು ರಮಣಮ್ಮ. ದಾರಿಯಲ್ಲಿ ಹಂಪು ಬಂದಾಗಲೆಲ್ಲ ಆಟೋದವನನ್ನು ತೆಲುಗಿನಲ್ಲಿ ಬೈಯುತ್ತ, ನನ್ನ ಕೈಯನ್ನು ಬಿಡದೆ ಹಿಡಿದಿದ್ದರು. ಅಂಥವರು ನಾನು ಕೂಸಿನೊಂದಿಗೆ ಮನೆಗೆ ಬಂದ ಮೇಲೆ ಒಳಗೆ ಬಂದು ಮಾತಾಡಿಸಲೇ ಇಲ್ಲ. ಮೊದಲು ಬೇಜಾರಾಯಿತು, ಆಮೇಲೆ ಸಿಟ್ಟು ಬಂತು. ಪಟ್ಟಣದ ಮಂದಿಯೇ ಹೀಗೆ, ಹೆರಿಗೆ ಮುಗಿದ ಮೇಲೆ ಬಾಣಂತಿ ಯಾರಿಗೆ ಬೇಕು ಎಂದು ಮಂಚದ ಮೇಲೆ ಮಲಗಿಯೇ ಒಂದು ತತ್ವವನ್ನೂ ಕಟ್ಟಿಬಿಟ್ಟೆ.

ಅಷ್ಟರಲ್ಲಿ ಲಿಂಗಸುಗೂರಿಗೆ ಕೊಟ್ಟ ನಮ್ಮ ದೊಡ್ಡಕ್ಕನ ಫೋನು ಬಂತು. ಅವ್ವ ಹಿತ್ತಲಲ್ಲಿದ್ದಳು. ಒಂದು ಕಿವಿಯ ಹತ್ತಿ ತೆಗೆದು ಮಾತಾಡಿದೆ.

“ಅಲ್ಲಲೇ, ಬಾಜು ಮನಿಯಾಕಿ ಯಾರೋ ನಿನ್ನ ಕೂಸಿಗೆ ಪಾಪ ಅಂದಾಳಂತಲ್ಲ, ಖರೇ ಏನು?”

“ಯಾರು ಹೇಳಿದ್ರು?”

“ಅವ್ವ ಹೇಳಿದ್ಲು. ಬಾಗಿಲಿಗೆ ಬಂದು ಹೆಣ್ಣುಕೂಸಿನ ಮಕ ನೋಡಿ ಚ್ ಚ್ ಚ್ ಅಂತ ಲೊಚಗುಟ್ಟಿ, ಪಾಪ ಪಾಪ ಅಂತ ಎರಡೆರಡು ಸಲ ಅಂದಾಳಂತ. ಅವ್ವ ಆಕೀನ್ನ ಒಳಗ ಬಿಟ್ಟಿಲ್ಲ. ಫೋನಿನ್ಯಾಗ ಅಳಾಕತ್ತಿದ್ಲು.”

ನನಗೆ ಅರ್ಥವಾಗಲು ಒಂದು ಕ್ಷಣ ಸಾಕಾಯಿತು. ಮಿಲ್ಲಿನಲ್ಲಿ ಅರ್ಧ ದಿನ ತೆಲುಗು ಕೇಳುವವಳು ನಾನು. ತೆಲುಗಿನಲ್ಲಿ ಪಾಪ ಎಂದರೆ ಹೆಣ್ಣುಕೂಸು. ಆ ಚ್ ಚ್ ಚ್ ಎನ್ನುವುದು ಕೂಸನ್ನು ಮಾತಾಡಿಸುವ ಸದ್ದು. ನಕ್ಕುಬಿಟ್ಟೆ, ಹೊಲಿಗೆ ಎಳೆದು ನಗು ಅಲ್ಲಿಗೇ ನಿಂತಿತು.

ನಗುವ ವಿಷಯವೂ ಅದಾಗಿರಲಿಲ್ಲ. ಅವ್ವ ಅಷ್ಟರಲ್ಲಿ ತುಂಬ ಮುಂದೆ ಹೋಗಿದ್ದಳು. ರಮಣಮ್ಮ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು ಕೂಸು ಮಲಗೈತಿ, ಬಾಣಂತಿ ಮಲಗ್ಯಾಳ ಎಂದು ಹಿಂದಕ್ಕೆ ಕಳಿಸಿದ್ದಳು. ದೃಷ್ಟಿ ತೆಗೆದು ಉಪ್ಪು ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದಾಗ ಯಾರಿಗೂ ಕೆಮ್ಮು ಬಂದಿರಲಿಲ್ಲ. ಘಾಟು ಏಳದಿದ್ದರೆ ದೃಷ್ಟಿ ಜೋರಾಗಿದೆ ಎಂದರ್ಥ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನನ್ನು ಅತ್ತೆ ಹಾಕಿಟ್ಟಿದ್ದರು ಎಂಬುದು ಶಾಸ್ತ್ರದ ಲೆಕ್ಕಕ್ಕೆ ಬರಲಿಲ್ಲ. ಸೋಮವಾರದ ಮುಂಜಾನೆಯ ಬಸ್ಸಿಗೆ ಬಾಣಂತಿಯನ್ನೂ ಕೂಸನ್ನೂ ಪಾಮನಕಲ್ಲೂರಿಗೆ ಕರೆದೊಯ್ಯುವುದೆಂದು ಅವಳು ತೀರ್ಮಾನಿಸಿದ್ದಳು, ಕುಂಚಿಗೆಗಳನ್ನು ಗಂಟೂ ಕಟ್ಟಿದ್ದಳು. ನನ್ನ ಬಿ.ಪಿ. ಇನ್ನೂ ಇಳಿದಿರಲಿಲ್ಲ. ಕಷ್ಟಕ್ಕೆ ಕೈ ಹಿಡಿದ ಹೆಂಗಸು ನಮ್ಮ ಬಾಗಿಲಿನಿಂದ ಅವಮಾನ ಪಟ್ಟುಕೊಂಡು ಹೋಗುತ್ತಿದ್ದಳು. ನಾಳೆ ಯಾವ ಮುಖ ಇಟ್ಟುಕೊಂಡು ಈ ಓಣಿಯಲ್ಲಿ ಇರುವುದು?

ಅತ್ತೆಗೆ ತೆಲುಗು ಬರುತ್ತದೆ ಎಂಬುದು ಆಗ ಹೊಳೆಯಿತು. ಕರೆದು ಕೇಳಿದೆ.

“ಪಾಪ ಅಂದ್ರ ಕೂಸು ಅಂತ ನನಗ ಗೊತ್ತಿಲ್ಲೇನು? ನಾಟಿಗೆ ಬರೋ ಮಂದೆಲ್ಲ ತೆಲುಗ ಮಾತಾಡೋದು,” ಎಂದರು ಅತ್ತೆ.

“ಮತ್ತ ಅವ್ವಗ ಯಾಕ ಹೇಳಲಿಲ್ರಿ ಅತ್ತಿ?”

“ನನ್ನ ಯಾರು ಕೇಳಿದ್ರು?” ಎಂದು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಆಕಿ ಮ್ಯಾಲ ಸಿಟ್ಟಾದಾಗಿಂದ ನಿಮ್ಮವ್ವ ನನ್ನ ಅನ್ನದ ಸುದ್ದಿಗೆ ಬಂದಿಲ್ಲವ್ವ. ನಾ ಯಾಕ ನಡುವ ಬಾಯಿ ಹಾಕ್ಲಿ?”

ರಾಜಕಾರಣ ಕಲಿಯಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಕೊನೆಗೆ ನಾನೇ ಅವ್ವನನ್ನು ಮಂಚದ ಪಕ್ಕ ಕೂರಿಸಿಕೊಂಡು ಬಿಡಿಸಿ ಹೇಳಿದೆ. ಅವ್ವ ಕೂಸಿನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಹೆಣ್ಣುಕೂಸಿಗೆ ಅವರು ಪಾಪ ಅಂತಲೇ ಕರೆಯುವುದು, ಅದು ಮುದ್ದಿನ ಮಾತು ಎಂದೆ.

“ಮತ್ತ ಗಂಡು ಹುಟ್ಟಿದ್ರ ಏನಂತಾರ?”

ನಾನು ಯೋಚಿಸದೆ ಹೇಳಿಬಿಟ್ಟೆ. “ಬಾಬು ಅಂತಾರ.”

“ನೋಡು ಮತ್ತ! ಗಂಡಾದ್ರ ಬಾಬು, ಹೆಣ್ಣಾದ್ರ ಪಾಪ! ಇನ್ನೇನು ಉಳೀತು?” ಎಂದು ಅವ್ವ ಕೂಸನ್ನೆತ್ತಿಕೊಂಡು ಎದ್ದೇ ನಿಂತಳು. ಇಷ್ಟು ಹೊತ್ತು ಒಬ್ಬ ರಮಣಮ್ಮನ ಮೇಲಿದ್ದ ಸಿಟ್ಟು ಈಗ ಇಡೀ ತೆಲುಗು ನಾಡಿನ ಮೇಲೆ ಹೋಯಿತು. ನಾನು ಸುಧಾರಿಸಲು ಹೋಗಿ ಏನೇನೋ ಹೇಳಿದೆ. ಅದು ಬರೀ ಶಬ್ದ, ಶಬ್ದಕ್ಕೇಕೆ ಇಷ್ಟು ಮರುಗುತ್ತೀ, ಅವರು ಹಾಗೆ ಅಂದೇ ಇಲ್ಲವಲ್ಲ ಎಂದೆ. ಅವ್ವ ಕೂಸಿಗೆ ಕುಂಚಿಗೆ ಸರಿಮಾಡುತ್ತ ನಿಂತವಳು, ನನ್ನ ಕಡೆ ನೋಡದೆಯೇ ಮಾತಾಡಿದಳು.

“ನೀ ಹುಟ್ಟಿದಾಗ ನಮ್ಮ ಓಣಿ ಮಂದೆಲ್ಲ ಬಂದು ನೋಡಿ ಪಾಪ ಅಂದು ಹೋದ್ರು. ಮೂರನೇದೂ ಹೆಣ್ಣಾತಲ್ಲ, ಪಾಪ ಅಂತ. ಅವರೇನು ತೆಲುಗು ಮಂದಿ ಆಗಿದ್ದಿಲ್ಲ.”

ನಾವು ಮೂವರು ಅಕ್ಕತಂಗಿಯರು, ನಾನೇ ಕಡೆಯವಳು. ನನ್ನ ತಲೆಯ ಮೇಲಿಂದ ಇಂಥದೊಂದು ಮೆರವಣಿಗೆ ಹಾದುಹೋಗಿತ್ತೆಂದು ಅವ್ವ ಒಂದು ದಿನವೂ ಹೇಳಿರಲಿಲ್ಲ. ಆ ಮಂದಿಯೆಲ್ಲ ಬಂದು ಹೋಗುವಾಗ ಅವಳೂ ನನ್ನ ಹಾಗೆಯೇ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದಳು, ಆದರೂ ಅವಳಿಗೆ ಕೇಳಿಸಿತ್ತು. ನನಗೆ ಬಹಳ ಸಂಕಟವಾಯಿತು. ಅವಳ ಕೈ ಹಿಡಿಯೋಣವೆಂದರೆ ಅವಳ ಕೈಯಲ್ಲಿ ಕೂಸಿತ್ತು.

ಮಾರನೆಯ ದಿನ ಕೂಸಿಗೆ ಎಳೆಬಿಸಿಲು ಕಾಯಿಸಲು ಅವ್ವ ಕಾಂಪೌಂಡಿನ ಹತ್ತಿರ ಹೋದಳು. ಗೋಡೆಯ ಆ ಕಡೆ ರಮಣಮ್ಮ ಬಟ್ಟೆ ಹರವುತ್ತಿದ್ದರು. ನಾನು ಕಿಟಕಿಯ ಬಳಿ ಹೋಗಿ ಎರಡೂ ಕಿವಿಯ ಹತ್ತಿ ತೆಗೆದೆ. ಮುದುಕಿಯಾದ ಮೇಲೆ ಬರುವ ತಲೆನೋವು ಬರಲಿ ಎಂದುಕೊಂಡೆ. ಅವ್ವ ಕೂಸಿನ ಬೆನ್ನನ್ನು ಬಿಸಿಲಿಗೆ ತಿರುಗಿಸಿ ಹಿಡಿದಳು. ಆಮೇಲೆ ಅವ್ವನೇ ವಿಚಾರಣೆ ಶುರುಮಾಡಿದಳು.

“ನಿಮಗೆಷ್ಟು ಮಂದಿ ಮಕ್ಕಳ್ರೀ?”

“ಇಬ್ರು ರೀ. ಇಬ್ರೂ ಪಾಪಲೇ. ಲಗ್ನ ಮಾಡಿ ಕೊಟ್ಟೀವಿ.”

“ಅವರು ಹುಟ್ಟಿದಾಗ ನಿಮ್ಮ ಮಂದಿ ಏನಂದ್ರು?”

ರಮಣಮ್ಮನಿಗೆ ಈ ಪ್ರಶ್ನೆ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಕೈಯಲ್ಲಿದ್ದ ಲುಂಗಿಯನ್ನು ಕೊಡವಿ ಹಗ್ಗಕ್ಕೆ ಹಾಕಿ ಹೇಳಿದರು. “ಮೊದಲನೇದು ಆದಾಗ ಪಾಪ ಪುಟ್ಟಿಂದಿ ಅಂದ್ರು. ಹೆಣ್ಣುಕೂಸು ಹುಟ್ಟೈತಿ ಅಂತ ರೀ, ನಮ್ಮ ಮಾತಿನ್ಯಾಗ.” ಇನ್ನೊಂದು ಬಟ್ಟೆ ಎತ್ತಿಕೊಳ್ಳುತ್ತ, “ಎರಡನೇದೂ ಪಾಪ ಆತಲ್ಲ, ಆವಾಗ ಕನ್ನಡದಾಗೂ ಅಂದ್ರು ರೀ,” ಎಂದರು.

ಅವ್ವ ಅವರನ್ನೇ ನೋಡಿದಳು. ಮೊದಲು ನಕ್ಕದ್ದು ಯಾರೋ ಗೊತ್ತಾಗಲಿಲ್ಲ, ಆದರೆ ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಕ್ಷಮೆ ಕೇಳುವ ಪದ್ಧತಿ ನಮ್ಮವ್ವನಲ್ಲಿಲ್ಲ. ಗೋಡೆಯ ಮೇಲಿಂದ ಕೂಸನ್ನು ಎತ್ತಿ ಆ ಕಡೆ ಕೊಟ್ಟಳು. “ಹಿಡೀರಿ ನಿಮ್ಮ ಪಾಪನ್ನ. ನಾ ರೊಟ್ಟಿ ಬಡದು ಬರ್ತೀನಿ, ನಿಮಗೂ ಎರಡು ಕೊಡ್ತೀನಿ,” ಎಂದು ಒಳಗೆ ಬಂದಳು. ಬಂದವಳೇ ಕುಂಚಿಗೆಯ ಗಂಟು ಬಿಚ್ಚಿ ಗೂಟಕ್ಕೆ ನೇತುಹಾಕಿದಳು. ಅತ್ತೆಗೆ ಮಾತ್ರ ಕೆಟ್ಟ ಕಾಲ ಬಂತು. ಆ ಮಧ್ಯಾಹ್ನವೇ ಅನ್ನದಲ್ಲಿ ಕಸುವಿಲ್ಲ ಎಂಬ ಮಾತು ಹೊಸ ಹುರುಪಿನಿಂದ ಮತ್ತೆ ಮೊದಲಾಯಿತು, ಈ ಸಲ ರಮಣಮ್ಮನನ್ನು ಪಂಚಾಯ್ತಿಗೆ ಕೂರಿಸಿಕೊಂಡು.

ತೊಟ್ಟಿಲಿಗೆ ಹಾಕಿದ ದಿನ ಕೂಸಿಗೆ ನಾವು ಚಂದದ ಹೆಸರನ್ನೇ ಇಟ್ಟೆವು. ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಅತ್ತೆ, ಗಂಡ, ಲಿಂಗಸುಗೂರಿನ ಅಕ್ಕ, ಎಲ್ಲರ ಬಾಯಲ್ಲೂ ಪಾಪ. ಎಲ್ಲರಿಗಿಂತ ಜೋರಾಗಿ ಕರೆಯುವವಳು ಅವ್ವ. ಅವಳು ಊರಿಗೆ ಹೋಗಿ ಈಗ ಕೆಲವು ದಿನಗಳಾದವು. ಅತ್ತೆಯೂ ನಾಟಿ ಕೆಲಸವಿದೆಯೆಂದು ಹೋದರು. ಅವರೆಲ್ಲ ಇದ್ದಾಗ ಕೂಸು ನನ್ನ ಕೈಗೆ ಸಿಗುವುದಿಲ್ಲ ಎಂದು ದೂರುತ್ತಿದ್ದ ನಾನು ಈಗ ದಿನವಿಡೀ ಕೂಸಿನ ಕೈಗೆ ಸಿಕ್ಕಿಬಿದ್ದಿದ್ದೇನೆ. ನಿನ್ನೆ ಅವ್ವ ಫೋನು ಮಾಡಿದಳು.

“ಪಾಪ ಉಂಡೈತೇನು? ನಿದ್ದಿ ಬರೋಬ್ಬರಿ ಆಗಾಕತ್ತೈತೇನು?”

ನಾನು ಮಿಲ್ಲಿನಲ್ಲಿ ಮಾಲೀಕರಿಗೆ ಒಪ್ಪಿಸುವ ಹಾಗೆ ಎಲ್ಲವನ್ನೂ ಹೇಳಿದೆ. ಹಾಲು ಕುಡಿದಿದೆ, ತೇಗಿದೆ, ಈಗಷ್ಟೇ ಮಲಗಿದೆ, ವಾಯು ಕಡಿಮೆಯಾಗಿದೆ. ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು.

“ಆತು. ಅದನ್ನಲ್ಲಬೇ, ನಾ ನಿನ್ನ ಕೇಳಾಕತ್ತೀನಿ,” ಎಂದಳು.

ಎಲ್ಲವನ್ನೂ ದೂರ ನಿಂತು ನೋಡುವವಳು ಎಂದು ನನ್ನ ಬಗ್ಗೆ ನನಗೆ ಹೆಮ್ಮೆಯಿದೆ. ಉಂಡಿಲ್ಲಬೇ, ನಿದ್ದೀನೂ ಇಲ್ಲ ಎಂದು ಹೇಳಲು ಬಾಯಿ ತೆರೆದೆ, ಅಳುವೇ ಬಂತು. ಒಳಗೆ ಕೂಸು ಎದ್ದು ಅದೂ ಅಳತೊಡಗಿತು. ಅದನ್ನು ಎತ್ತಿಕೊಳ್ಳಲು ನಾನಿದ್ದೆ. ನನ್ನನ್ನು ಎತ್ತಿಕೊಳ್ಳಬೇಕಾದವಳು ಪಾಮನಕಲ್ಲೂರಿನಲ್ಲಿ ಕೂತು ಹಲೋ ಹಲೋ ಎನ್ನುತ್ತಿದ್ದಳು.