ಎರಡು ಬೆರಳಿನ ಮರ್ಯಾದೆ

ಡೆಲ್ಮರ್: ಅದು ಗಾಡಿಯಲ್ಲ ಕಣೇ, ಚಾಡಿಕೋರ! ನಾನು ಬಾಗಿಲು ಸರಿಯಾಗಿ ಹಾಕಿಲ್ಲ ಅಂತ ನಿನ್ನ ಫೋನಿಗೆ ಹೇಳುತ್ತೆ. ಪಕ್ಕದ ಸೀಟಲ್ಲಿ ಬೀಜದ ಮೂಟೆ ಇಟ್ರೆ ಆ ಮೂಟೆಗೂ ಬೆಲ್ಟ್ ಹಾಕು ಅಂತ ಕುಂಯ್ ಕುಂಯ್ ಅನ್ನುತ್ತೆ.

ಆರ್ಲೀನ್: ಹಾಕಿದ್ಯಾ?

ಡೆಲ್ಮರ್: ಹಾಕ್ದೆ. ಇನ್ನೇನು ಮಾಡ್ಲಿ?

ಅಮೆರಿಕದ ನೆಬ್ರಾಸ್ಕದ ಮೆಕ್ಕೆಜೋಳದ ಹೊಲಗಳ ನಡುವಿನ ಹ್ರುಷ್ಕಾ ದಂಪತಿಗಳ ಅಡುಗೆಮನೆಯಲ್ಲಿ ಬೆಳಗಿನ ಕಾಫಿ ಆರುತ್ತಿತ್ತು. ಹೊಸ ಪಿಕಪ್ ಬಂದು ಮೂರು ವಾರ. ಇಪ್ಪತ್ತೊಂಬತ್ತು ವರ್ಷ ದುಡಿದ ಹಳೆಯ ಹಸಿರು ಪಿಕಪ್ಪು, ಬೇರೆ ಯಾವುದೋ ಗಾಡಿಯಿಂದ ಕಿತ್ತು ಕೂರಿಸಿದ ಬಿಳಿ ಬಾಗಿಲಿನ ಸಮೇತ, ಪಕ್ಕದ ಹೊಲದ ಎಮಿಲ್ ಕೋವರಿಕನ ಪಾಲಾಗಿತ್ತು. ಮಾರಿದವನು ಡೆಲ್ಮರನೇ. ಈಗ ಗೊಣಗುತ್ತಿರುವವನೂ ಅವನೇ.

ಆರ್ಲೀನ್: ಸೀಟು ಬೆಚ್ಚಗಾಗುತ್ತಲ್ಲ, ಅದು? ನನ್ನ ಸೊಂಟನೋವು ಅರ್ಧ ಹೋಯ್ತು.

ಡೆಲ್ಮರ್: ಗಾಡಿ ತಂದಿದ್ದು ದನ ಸಾಗಿಸೋಕೆ. ನಿನ್ನ ಸೊಂಟ ಸಾಗಿಸೋಕಲ್ಲ.

ಆರ್ಲೀನ್: ಏನಂದೆ?

ಡೆಲ್ಮರ್: ಸೀಟು ಚೆನ್ನಾಗಿದೆ ಅಂದೆ. ಆದ್ರೆ ಸಿಗ್ನಲ್‌ನಲ್ಲಿ ನಿಂತ್ರೆ ಸಾಕು, ಇಂಜಿನ್ ತಾನಾಗೇ ಆಫ್! ನಮ್ಮಪ್ಪ ಇದ್ದಿದ್ರೆ ಇಳಿದು ತಳ್ಳೋಕೆ ಶುರು ಮಾಡ್ತಿದ್ದ. ಹಳೇದು ಮುನಿಸಿಕೊಂಡ್ರೆ ಸುತ್ತಿಗೇಲಿ ಒಂದು ಕೊಟ್ರೆ ಹೊರಡ್ತಿತ್ತು. ಇದರಲ್ಲಿ ಹೊಡೆಯೋಕೆ ಜಾಗ ಎಲ್ಲಿದೆ ತೋರ್ಸು? ಬಾನೆಟ್ ಎತ್ತಿದ್ರೆ ಬರೀ ಪ್ಲಾಸ್ಟಿಕ್ ಮುಚ್ಚಳ. ಕೆಟ್ರೆ ಐವತ್ತು ಮೈಲಿ ದೂರ ಹೋಗಿ ಕಂಪ್ಯೂಟರ್ ಮುಂದೆ ಕೈಕಟ್ಟಿ ನಿಲ್ಲಬೇಕು.

ಆರ್ಲೀನ್: ಇದುವರೆಗೂ ಕೆಟ್ಟಿದ್ಯಾ?

ಡೆಲ್ಮರ್: ಇಲ್ಲ.

ಆರ್ಲೀನ್: ಮತ್ತೆ?

ಡೆಲ್ಮರ್: ಅದೇ ಭಯ! ಹಳೇದು ಪ್ರತಿ ಮಂಗಳವಾರ ಕೆಡ್ತಿತ್ತು, ಧೈರ್ಯವಾಗಿ ಇರಬಹುದಿತ್ತು. ಇದು ಯಾವಾಗ ಕೈಕೊಡುತ್ತೋ ಯಾರಿಗ್ಗೊತ್ತು?

ಮೂವತ್ತಾರು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಗೊಣಗಾಟದಲ್ಲಿ ಜೊಳ್ಳು ಯಾವುದು, ಕಾಳು ಯಾವುದು ಎಂದು ಗೊತ್ತಿತ್ತು. ಅವಳು ಒಲೆಯಿಂದ ಆಗಷ್ಟೇ ತೆಗೆದ ಪ್ಲಮ್ ಹಣ್ಣಿನ ಕೊಲಾಚೆ ಬನ್ನನ್ನು ಅವನ ಮುಂದಿಟ್ಟಳು. ಅವನು ಮುಟ್ಟಲಿಲ್ಲ.

ಆರ್ಲೀನ್: ಕೊಲಾಚೆ ಬೇಡ ಅಂದ್ರೆ ವಿಷಯ ಇಂಜಿನ್‌ದಲ್ಲ. ಏನಾಯ್ತು, ಹೇಳು.

ಡೆಲ್ಮರ್: ಯಾರೂ ಬೆರಳೆತ್ತಲ್ಲ.

ಆರ್ಲೀನ್: ಎಲ್ಲಿ?

ಡೆಲ್ಮರ್: ದಾರೀಲಿ! ಮೂರು ವಾರದಿಂದ ಒಬ್ಬನೇ ಒಬ್ಬ ನನಗೆ ಬೆರಳೆತ್ತಿಲ್ಲ.

ಆ ಮಣ್ಣುರಸ್ತೆಗಳಲ್ಲಿ ಎದುರು ಬಂದ ಗುರುತಿನ ಗಾಡಿಗೆ ಸ್ಟೀರಿಂಗ್ ಮೇಲಿಂದಲೇ ಎರಡು ಬೆರಳೆತ್ತುವುದು ಉಸಿರಾಡಿದಷ್ಟು ಸಹಜ. ಇಡೀ ಕೈ ಬೀಸುವುದು ಮಾತ್ರ ತೀರ ಬೇಕಾದವರಿಗೆ. ಹುಟ್ಟಿದೂರಿನಲ್ಲೇ ಪರದೇಶಿಯಾದಂತೆ ಡೆಲ್ಮರನಿಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಆರ್ಲೀನ್: ಗುರುತು ಸಿಕ್ಕಿರಲ್ಲ ಬಿಡು. ಗಾಜೆಲ್ಲ ಕಪ್ಪು.

ಡೆಲ್ಮರ್: ಬಣ್ಣ ಬೂದಿ! ಬೀಜದ ಕಂಪನಿ ಏಜೆಂಟರ ಗಾಡಿಗಳೆಲ್ಲ ಇದೇ ಬಣ್ಣ. ನಿನ್ನೆ ನನ್ನ ಗಾಡಿ ನೋಡಿ ನಿನ್ನ ತಮ್ಮ ಕೊಟ್ಟಿಗೇಲಿ ಅಡಗಿ ಕೂತ.

ಆರ್ಲೀನ್: ಕಿಟಕಿ ಇಳಿಸಿ ಕೂಗೋದಲ್ವಾ?

ಡೆಲ್ಮರ್: ಕೂಗ್ದೆ. 'ಈ ವರ್ಷ ಏನೂ ಬೇಡ' ಅಂತ ಒಳಗಿಂದಾನೇ ಉತ್ತರ ಬಂತು.

ಆರ್ಲೀನ್ ಸೆರಗಿಲ್ಲದ್ದರಿಂದ ಏಪ್ರನ್ನಿನಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು.

ಡೆಲ್ಮರ್: ನಗು, ನಗು. ಎಮಿಲ್‌ಗೆ ಬರೋಕೆ ಹೇಳಿದೀನಿ. ಹಳೇ ಗಾಡಿ ವಾಪಸ್ ತಗೋತೀನಿ. ಬೇಕಾದ್ರೆ ಮೇಲೆ ಅರ್ಧ ಹೋರಿಯ ಮಾಂಸ ಕೊಡ್ತೀನಿ.

ಅಷ್ಟರಲ್ಲಿ ಅಂಗಳದಲ್ಲಿ ಹಳೆಯ ಗಾಡಿಯ ಗಡಗಡ ಕೇಳಿಸಿತು. ಎಮಿಲ್ ಐವತ್ತೆಂಟರ ಬ್ರಹ್ಮಚಾರಿ. ಚರ್ಚಿನಲ್ಲಿ ಕೊನೆಯ ಬೆಂಚು ಹಿಡಿದು, ಕೇಳಿದ್ದಕ್ಕೆಲ್ಲ ತಲೆಯಾಡಿಸಿ ಬದುಕಿದವನು. ಇವತ್ತು ಇಸ್ತ್ರಿ ಅಂಗಿ ತೊಟ್ಟು ಸಿಳ್ಳೆ ಹಾಕುತ್ತಾ ಒಳಗೆ ಬಂದ.

ಎಮಿಲ್: ಕೊಡಲ್ಲ.

ಡೆಲ್ಮರ್: ನಾನಿನ್ನೂ ಕೇಳೇ ಇಲ್ವಲ್ಲೋ!

ಎಮಿಲ್: ಇಡೀ ಹೋರಿ ಕೊಟ್ರೂ ಕೊಡಲ್ಲ.

ಡೆಲ್ಮರ್: ಅದರ ಹೀಟರ್ ಕೆಲಸ ಮಾಡಲ್ಲ ಮಾರಾಯ!

ಎಮಿಲ್: ಮಾರೋವಾಗ ಮಾಡುತ್ತೆ ಅಂದಿದ್ದೆ.

ಡೆಲ್ಮರ್: ಬ್ರೇಕು ಎರಡು ಸಲ ಒತ್ತಬೇಕು!

ಎಮಿಲ್: ಮೂರು ಸಲ. ಆದ್ರೆ ಊರಿಗೆ ಊರೇ ಬೆರಳೆತ್ತುತ್ತೆ ಡೆಲ್ಮರ್! ನಲವತ್ತು ವರ್ಷ ಈ ರಸ್ತೇಲಿ ಓಡಾಡಿದೀನಿ, ಒಬ್ಬರಾದ್ರೂ ನನ್ನ ಕಡೆ ನೋಡಿದ್ರಾ?

ಡೆಲ್ಮರ್: ಅವು ನನ್ನ ಬೆರಳು ಕಣೋ!

ಎಮಿಲ್: ಗಾಡಿ ಜೊತೆ ಬಂದ್ವು. ಹಳ್ಳದ ರಸ್ತೇಲಿ ನೀಲಿ ಮನೆ ರೋಸಲಿ ಇದಾಳಲ್ಲ, ಗಂಡ ತೀರ್ಕೊಂಡ್ನಲ್ಲ, ಅವಳಂತೂ ಟಪಾಲು ಡಬ್ಬಿ ಹತ್ರ ನಿಂತು ಇಡೀ ಕೈ ಬೀಸಿದ್ಳು!

ಆರ್ಲೀನ್ ಕಾಫಿ ಕಲಕುತ್ತಿದ್ದ ಚಮಚ ನಿಂತಿತು.

ಆರ್ಲೀನ್: ಇಡೀ ಕೈ?

ಎಮಿಲ್: ಭುಜದವರೆಗೂ.

ಆರ್ಲೀನ್: ಆ ಹಸಿರು ಗಾಡಿಗೆ?

ಡೆಲ್ಮರ್ ಇಡೀ ಕೊಲಾಚೆಯನ್ನು ಒಂದೇ ಸಲಕ್ಕೆ ಬಾಯಿಗೆ ತುರುಕಿಕೊಂಡ.

ಆರ್ಲೀನ್: ಡೆಲ್, ನೀನು ದಿನಾ ಹೋಗೋ ಧಾನ್ಯದ ಗೋದಾಮು ಬಲಕ್ಕೆ. ಹಳ್ಳದ ರಸ್ತೆ ಎಡಕ್ಕೆ.

ಡೆಲ್ಮರ್: ಎಡಗಡೆ ರಸ್ತೆ... ಸಮವಾಗಿದೆ.

ಆರ್ಲೀನ್: ಎಷ್ಟು ವರ್ಷದಿಂದ ಸಮವಾಗಿದೆ?

ಡೆಲ್ಮರ್: ಹನ್ನೊಂದು. ದೇವರಾಣೆಗೂ ಒಂದು ಮಾತೂ ಆಡಿಲ್ಲ! ಅವಳು ಕೈ ಬೀಸೋದು, ನಾನು ಎರಡು ಬೆರಳೆತ್ತೋದು, ಅಷ್ಟೇ!

ಎಮಿಲ್: ಎರಡೇನಾ? ಛೆ! ನಾನು ಗಾಡಿ ನಿಲ್ಲಿಸ್ದೆ. ನಾನು ಡೆಲ್ಮರ್ ಅಲ್ಲ, ಎಮಿಲ್ ಅಂದೆ. ಮಾರನೇ ದಿನ ಎರಡೂ ಕೈ ಬೀಸಿದ್ಳು. ಈಗ ಕಾಫಿಗೆ ಕರೆದಿದಾಳೆ, ಅಲ್ಲಿಗೇ ಹೊರಟಿದೀನಿ.

ಡೆಲ್ಮರನ ಎದೆಯಲ್ಲಿ ಏನೋ ಸಣ್ಣಗೆ ಮುರಿಯಿತು. ಆದರೆ ಹೆಂಡತಿಯ ಮುಖ ನೋಡಿದೊಡನೆ, ದುಃಖಪಡಲು ಇದು ಸಮಯವಲ್ಲ ಎಂದು ಅವನಿಗೆ ಅರ್ಥವಾಯಿತು.

ಡೆಲ್ಮರ್: ಇಟ್ಕೋ ಎಮಿಲ್, ಗಾಡಿ ನೀನೇ ಇಟ್ಕೋ. ನನ್ನ ಹೊಸದು ಅಪ್ಪಟ ಬಂಗಾರ. ಗಾಜು ಕಪ್ಪಗಿರೋದೇ ಅದರಲ್ಲಿ ಚೆಂದ. ನಾನು ಗೋದಾಮಿಗೆ ಹೋಗಿ ಬರ್ತೀನಿ.

ಓಡಿಹೋಗಿ ಗಾಡಿ ಹತ್ತಿ, ಬಾಗಿಲು ಭದ್ರವಾಗಿ ಹಾಕಿ, ಬೆಲ್ಟ್ ಬಿಗಿದು ಹೊರಟ. ಗೇಟು ದಾಟಿದ ಮೇಲೆ ಹನ್ನೊಂದು ವರ್ಷ ಪಳಗಿದ ಕೈ ತಾನಾಗಿಯೇ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿತು. ಇಪ್ಪತ್ತು ಗಜ ಹೋಗಿರಲಿಲ್ಲ, ಗಾಡಿಯ ಆರೂ ಸ್ಪೀಕರುಗಳಿಂದ ಆರ್ಲೀನಳ ದನಿ ಮೊಳಗಿತು.

ಆರ್ಲೀನ್: ಬಲಕ್ಕೆ, ಡೆಲ್.

ಡೆಲ್ಮರ್: ನಿನಗ್ಹೇಗೆ ಗೊತ್ತಾಯ್ತು?

ಆರ್ಲೀನ್: ಫೋನಲ್ಲಿ ಕಾಣುತ್ತೆ. ಎಂಥ ನಂಬಿಕಸ್ಥ ಗಾಡಿ ಅಂತೀಯ!

ಅವನು ಗಾಡಿ ತಿರುಗಿಸಿಕೊಂಡು ಬಂದ. ಎದುರಿಗೆ ಗಡಗಡ ಎನ್ನುತ್ತಾ ಹಸಿರು ಪಿಕಪ್ಪು ಹಳ್ಳದ ರಸ್ತೆಗೆ ಹೊರಳುತ್ತಿತ್ತು. ಎಮಿಲ್ ಸ್ಟೀರಿಂಗ್ ಮೇಲಿಂದ ಬೆರಳೆತ್ತಿದ. ಮೂರು ವಾರದಲ್ಲಿ ಡೆಲ್ಮರನಿಗೆ ಸಿಕ್ಕ ಮೊದಲ ಮರ್ಯಾದೆ ಅದು.

ಡೆಲ್ಮರ್: ಆರ್ಲೀನ್! ಎಮಿಲ್ ನನಗೆ ಬೆರಳೆತ್ತಿದ ಕಣೇ!

ಆರ್ಲೀನ್: ನೀನೂ ಎತ್ತು, ಡೆಲ್. ಎರಡೇ ಸಾಕು.