ಭಾನುವಾರ ಹನ್ನೆರಡು ಗಂಟೆಗೆ ಬೆಂಚಿನ ಮೇಲೆ ಇಲ್ಲದಿರಲು ಅನುಮತಿ ಕೋರಿ

ಇಂದ,
ಲೆಯಾಂದ್ರೊ ಬಾರಿಯೆಂತೊಸ್,
ಮಾಜಿ ಮಿಡ್‌ಫೀಲ್ಡರ್, ಹಾಲಿ ತರಬೇತುದಾರ (ಮುಂದಿನ ಸೋಲಿನವರೆಗೆ),
ತೊರೆಲೊಬೆರಾ ಫುಟ್‌ಬಾಲ್ ಕ್ಲಬ್.

ಗೆ,
ಸನ್ಮಾನ್ಯ ದೋನ್ ಎವಾರಿಸ್ತೊ ಅವರು,
ಅಧ್ಯಕ್ಷರು, ಸದರಿ ಕ್ಲಬ್. ಮಾಲೀಕರು, ಹ್ಯಾಮ್ ಕಾರ್ಖಾನೆ.

ವಿಷಯ: ಮಗಳ ಪ್ರಥಮ ಪರಮಪ್ರಸಾದ ಸ್ವೀಕಾರಕ್ಕೆ ಹಾಜರಾಗಲು, ತತ್ಪರಿಣಾಮ ಋತುವಿನ ಕೊನೆಯ ಪಂದ್ಯಕ್ಕೆ ಗೈರಾಗಲು ಅನುಮತಿ ಕೋರಿ.

ಉಲ್ಲೇಖ: ೧. ತಾವು ಮಂಗಳವಾರ ಬಾರಿನಲ್ಲಿ ಎಲ್ಲರೆದುರು ಹೇಳಿದ "ಆಗಲ್ಲ."
೨. ಅಂದಿನಿಂದ ಜಾರಿಯಲ್ಲಿರುವ ನನ್ನ ಹೆಂಡತಿ ನಿಯೆವೆಸಳ ಮೌನ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಬೆಳಗ್ಗೆ ತಮ್ಮ ಕಾರ್ಖಾನೆಯ ವ್ಯಾನು ಓಡಿಸಿ, ಸಂಜೆ ತಮ್ಮ ತಂಡವನ್ನು ಓಡಿಸಿ, ಈಗ ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಯ ಮೇಜಿನ ಮುಂದೆ ಕೂತು ಸಲ್ಲಿಸಿಕೊಳ್ಳುವ ಅರಿಕೆ ಏನೆಂದರೆ:

೧. ನಾನು ಹದಿನಾರು ವರ್ಷ ಮಿಡ್‌ಫೀಲ್ಡರ್ ಆಗಿ ಆಡಿದವನು. ಮೈದಾನದ ನಡುವೆ ನಿಂತು, ಹಿಂದಿನಿಂದ ಬಂದ ಚೆಂಡನ್ನು ಪಕ್ಕದವನಿಗೆ ಕೊಡುವುದು ನನ್ನ ಉದ್ಯೋಗವಾಗಿತ್ತು. ಮುಂದಕ್ಕೆ ಕೊಟ್ಟರೆ ಎದುರಾಳಿಗೆ ಸಿಗುವ ಅಪಾಯ ಇದ್ದುದರಿಂದ ಕೊಡುತ್ತಿರಲಿಲ್ಲ. ಆದಕಾರಣ ಪ್ರೇಕ್ಷಕರು ನನಗೆ 'ಏಡಿ' ಎಂದು ಹೆಸರಿಟ್ಟರು. ಮೊದಲ ದರ್ಜೆಯ ಲೀಗಿನಲ್ಲಿ ಒಮ್ಮೆ ಕೊನೆಯ ಹನ್ನೊಂದು ನಿಮಿಷ ಇಳಿದಿದ್ದೇನೆ. ಅದರಲ್ಲಿ ಬಹುಪಾಲು ಹೊತ್ತು ಯಾರಿಗೋ ಪೆಟ್ಟಾಗಿ ಆಟ ನಿಂತಿತ್ತು. ತರುವಾಯ ಮಂಡಿ ಕೈಕೊಟ್ಟಿತು. ಓಡಲಾಗದವರು ಓಡಿಸುವ ಕೆಲಸಕ್ಕೆ ಸೇರುವುದು ನಮ್ಮ ಕಡೆಯ ಪದ್ಧತಿಯಾದ್ದರಿಂದ ತರಬೇತುದಾರನಾದೆ.

೨. ನನ್ನ ಮಗಳು ಎಲ್ವೀರಾಳ ಕಾರ್ಯಕ್ರಮಕ್ಕೆ ಪಾದ್ರಿಗಳು ಮೇ ತಿಂಗಳ ಈ ಭಾನುವಾರವನ್ನು, ಮಧ್ಯಾಹ್ನ ಹನ್ನೆರಡು ಗಂಟೆಯನ್ನು, ಹೋದ ವರ್ಷವೇ ಗೊತ್ತುಮಾಡಿದ್ದರು. ಭಾನುವಾರದ ನಮ್ಮ ಪಂದ್ಯಗಳು ಸಂಜೆ ಐದಕ್ಕಾದ್ದರಿಂದ ನಾನು ನಿಶ್ಚಿಂತನಾಗಿದ್ದೆ. ಆದರೆ ಕೊನೆಯ ಸುತ್ತಿನಲ್ಲಿ ಒಬ್ಬರ ಫಲಿತಾಂಶ ನೋಡಿಕೊಂಡು ಇನ್ನೊಬ್ಬರು ಆಡಬಾರದೆಂದು ಎಲ್ಲ ಪಂದ್ಯಗಳನ್ನೂ ಒಂದೇ ಹೊತ್ತಿಗೆ ಇಡುವ ನಿಯಮ ಇದೆ. ಆ ಹೊತ್ತು ಹನ್ನೆರಡು ಗಂಟೆ ಎಂದು ಲೀಗಿನವರು ಹೋದ ವಾರ ತಿಳಿಸಿದರು. ಸೋತರೆ ತಂಡ ಕೆಳಗಿನ ದರ್ಜೆಗೆ ಬೀಳುತ್ತದೆ. ಈ ಸ್ಥಿತಿಗೆ ತಂಡವನ್ನು ತಂದವನು ನಾನೇ ಆದ್ದರಿಂದ ಯಾರ ಮೇಲೂ ದೂರಿಲ್ಲ.

೩. ಮಂಗಳವಾರ ಈ ವಿಚಾರ ಅರಿಕೆ ಮಾಡಿದಾಗ ತಾವು ಹೇಳಿದ್ದು ಹೀಗೆ:

"ನೀನು ಬೆಂಚಲ್ಲಿ ಇಲ್ಲಾಂದ್ರೆ ಸೋತಾಗ ಜನ 'ತೊಲಗು' ಅಂತ ಬಿಳಿ ಕರವಸ್ತ್ರ ಯಾರ ಕಡೆ ಬೀಸ್ತಾರಯ್ಯಾ? ತಿರುಗಿ ನಿಂತು ನನ್ನ ಕಡೆ ಬೀಸ್ತಾರೆ. ನಿಂಗೆ ಸಂಬಳ ಕೊಡೋದು ಏನು, ತಂತ್ರ ಹೇಳ್ಕೊಡ್ಲಿ ಅಂತ ಅಂದ್ಕೊಂಡಿದೀಯಾ?"

"ಹಾಗೇ ಅಂದ್ಕೊಂಡಿದ್ದೆ ಸ್ವಾಮಿ."

"ಭಾನುವಾರ ಬರ್ಲಿಲ್ಲಾಂದ್ರೆ ಸೋಮವಾರ ವ್ಯಾನಿನ ಹತ್ರಾನೂ ಬರ್ಬೇಡ."

ತಮ್ಮ ಮಾತು ನ್ಯಾಯವಾದದ್ದೇ. ಆದರೂ ನವೆಂಬರಿನಲ್ಲಿ ನನಗೆ ಜ್ವರ ಬಂದಾಗ ತಂಡ ಗೆದ್ದಿತು, ಫೆಬ್ರವರಿಯಲ್ಲಿ ನಾನು ಹಿಮದಲ್ಲಿ ಸಿಕ್ಕಿಕೊಂಡಾಗಲೂ ಗೆದ್ದಿತು ಎಂಬ ಅಂಶವನ್ನು ವಿನಯದಿಂದ ಗಮನಕ್ಕೆ ತರುತ್ತೇನೆ.

೪. ಹೀಗಾಗಬಹುದೆಂದು ಊಹಿಸಿ, ತಮಗೆ ತೊಂದರೆ ಕೊಡದೆ ಗೈರಾಗುವ ದಾರಿಯನ್ನು ಕಳೆದ ಭಾನುವಾರವೇ ಪ್ರಯತ್ನಿಸಿದ್ದೆ. ಐದು ಹಳದಿ ಕಾರ್ಡು ಸೇರಿದರೆ ಮುಂದಿನ ಪಂದ್ಯಕ್ಕೆ ನಿಷೇಧ. ಐದನೆಯದನ್ನು ತನಗೆ ಬೇಕಾದ ವಾರ ಬೇಕೆಂದೇ ಪಡೆಯುವುದು ಆಟಗಾರರ ಹಳೆಯ ವಿದ್ಯೆ. ಆಡುವ ಕಾಲದಲ್ಲಿ ನಮ್ಮೂರಲ್ಲಿ ಹಂದಿ ಕಡಿಯುವ ವಾರಕ್ಕೆ ಸರಿಯಾಗಿ ನಾನು ಪ್ರತಿ ವರ್ಷ ನಿಷೇಧಿತನಾಗುತ್ತಿದ್ದೆ. ನನ್ನ ಬದುಕಿನಲ್ಲಿ ಗುರಿ ತಪ್ಪದೆ ಮಾಡಿದ್ದು ಅದೊಂದೇ.

ಈ ನಿಯಮ ತರಬೇತುದಾರರಿಗೂ ಇದೆ, ಈ ಋತುವಿನಲ್ಲಿ ನನ್ನ ಹೆಸರಿನಲ್ಲಿ ನಾಲ್ಕು ಇದ್ದವು. ಆದ್ದರಿಂದ ಬೆಂಚಿನ ಮುಂದಿನ ಗೆರೆ ದಾಟಿದೆ. ನೀರಿನ ಬಾಟಲಿ ಒದ್ದೆ. ನಮ್ಮ ಪರವಾಗಿ ಬಂದ ತೀರ್ಪನ್ನೂ ವಿರೋಧಿಸಿ ಕೂಗಿದೆ. ರೆಫರಿ ನಡೆದು ಬಂದು ಮೆಲ್ಲಗೆ ಕೇಳಿದರು:

"ಲೆಯಾಂದ್ರೊ, ಮುಂದಿನ ವಾರ ಮಗಳ ಕಾರ್ಯಕ್ರಮ ಅಲ್ವಾ?"

"ನಿಮಗ್ಯಾರು ಹೇಳಿದ್ರು?"

"ಬಿಳಿ ಗೌನು ಹೊಲಿದಿದ್ದು ನನ್ನ ನಾದಿನಿ. ನೋಡು, ಬೇಕೂಂತ ಕಾರ್ಡ್ ಕೇಳ್ತಿದೀಯ ಅಂತ ಗೊತ್ತಿದ್ದೂ ಕೊಟ್ರೆ ನಂಗೆ ತೊಂದ್ರೆ. ಕೂತ್ಕೊ. ಬೆವರು ಒರೆಸ್ಕೊ."

ಹದಿನಾರು ವರ್ಷ ಸುಮ್ಮಸುಮ್ಮನೆ ಕಾರ್ಡು ಕೊಟ್ಟವರು, ಮನಸಾರೆ ಬೇಡಿದ ದಿನ ಕೊಡಲಿಲ್ಲ. ಇದನ್ನು ಕಂಡು ನನ್ನ ಸಹಾಯಕ ತರಬೇತುದಾರ, ನಿಯೆವೆಸಳ ತಮ್ಮ ಫರ್ಮೀನ್, ಬಾಯ್ತುಂಬ ಸೂರ್ಯಕಾಂತಿ ಬೀಜ ಇಟ್ಟುಕೊಂಡು ನಕ್ಕ. ಸಿಪ್ಪೆ ರೆಫರಿಯ ಷರ್ಟಿಗೆ ಹಾರಿತು. ಹಳದಿ ಕಾರ್ಡು ಅವನಿಗೆ ಬಂತು. ಅವನಿಗೂ ಅದು ಐದನೆಯದು ಎಂಬುದು ನಮ್ಮಿಬ್ಬರಿಗೂ ನೆನಪಿರಲಿಲ್ಲ.

೫. ಆದಕಾರಣ, ಭಾನುವಾರ ಬಿಡುವಾಗಿರುವವನು ಫರ್ಮೀನ್. ಚರ್ಚಿನಲ್ಲಿ ಪ್ರತಿ ಮಗುವಿನ ಜೊತೆ ಮನೆಯ ಒಬ್ಬರು ಪೀಠದವರೆಗೆ ನಡೆಯಬೇಕು. ನಿನ್ನೆ ಊಟದ ಹೊತ್ತಿನಲ್ಲಿ ಎಲ್ವೀರಾ ತನ್ನ ತೀರ್ಮಾನ ಪ್ರಕಟಿಸಿದಳು.

"ಪಪ್ಪಾ, ನನ್ನ ಜೊತೆ ಮಾಮ ನಡೀತಾರೆ. ಆದ್ರೆ ನಿಮ್ಮನ್ನ ತೆಗೆದಿಲ್ಲ. ಬದಲಿಯವರಲ್ಲಿ ಇಟ್ಟಿದೀನಿ."

"ಬದಲಿಯವರಲ್ಲಾ?"

"ಹೂಂ. ನಿಮ್ಮ ಮೇಲೆ ಕೋಪ ಏನಿಲ್ಲ. ತಂಡಕ್ಕೆ ಯಾವುದು ಒಳ್ಳೇದೋ ಅದನ್ನ ನೋಡ್ಬೇಕಲ್ಲ."

ಅವಳಿಗೆ ಒಂಬತ್ತು ವರ್ಷ. ಇದೇ ಮಾತನ್ನು, ಇದೇ ದನಿಯಲ್ಲಿ, ನಾನು ಎಷ್ಟೋ ಹುಡುಗರ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದೇನೆ. ಆಮೇಲೆ ಅವರು ಶವರಿನ ಕೆಳಗೆ ಅಷ್ಟು ಹೊತ್ತು ಯಾಕೆ ನಿಲ್ಲುತ್ತಿದ್ದರೆಂಬುದು ಈಗ ಮನವರಿಕೆಯಾಗಿದೆ. ಅವಳು ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ನಿಯೆವೆಸ್ ನನ್ನ ತಟ್ಟೆಗೆ ಇನ್ನೊಂದು ಸೌಟು ಬೇಳೆ ಬಡಿಸಿದಳು.

೬. ಬೆಂಚು ಖಾಲಿ ಬಿಡಬಾರದೆಂಬ ತಮ್ಮ ಆತಂಕವನ್ನು ಗೌರವಿಸಿ ಬದಲಿ ವ್ಯವಸ್ಥೆಗೂ ಓಡಾಡಿದ್ದೇನೆ. ಪ್ರತಿ ಪಂದ್ಯದಲ್ಲೂ ನನ್ನ ಬೆನ್ನ ಹಿಂದೆ ಕೂತು ಯಾರನ್ನು ಎಲ್ಲಿ ಆಡಿಸಬೇಕೆಂದು ಕೂಗಿ ಹೇಳುವ, ಬಾರಿನ ಮಾಲೀಕ ಗುಮರ್ಸಿಂದೊನನ್ನು ಒಂದು ದಿನದ ಮಟ್ಟಿಗೆ ಕೂರಲು ಕೇಳಿಕೊಂಡೆ.

"ನಾನಾ? ನಾನು ಬರೋದು ಬಯ್ಯೋದಕ್ಕಪ್ಪಾ, ಬಯ್ಸಿಕೊಳ್ಳೋಕಲ್ಲ."

"ಒಂದೇ ಒಂದಿನ."

"ಏಡಿ ಮಾರಾಯ, ಅದಕ್ಕೆ ಅಂತ ಹುಟ್ಟಿ ಬಂದಿರ್ಬೇಕು. ನಿನಗೆ ಆ ಮುಖ ಇದೆ. ನನಗಿಲ್ಲ." ಇಷ್ಟು ಹೇಳಿ ಕಾಫಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಅಷ್ಟರಮಟ್ಟಿಗೆ ನನ್ನ ಪರಿಸ್ಥಿತಿ ಊರಿಗೆ ತಿಳಿದಿದೆ.

ಆದ್ದರಿಂದ, ಆಟಗಾರರ ಬದಲಾವಣೆಯನ್ನು ನಾಯಕನೇ ನೋಡಿಕೊಳ್ಳುವಂತೆಯೂ, ಬೆಂಚಿನಲ್ಲಿ ನಾನು ಕೂರುವ ಜಾಗಕ್ಕೆ ನನ್ನ ಕಪ್ಪು ಕೋಟನ್ನು ನೇತುಹಾಕುವಂತೆಯೂ ಪ್ರಸ್ತಾಪಿಸುತ್ತೇನೆ. ದೂರದಿಂದ ನೋಡುವ ಪ್ರೇಕ್ಷಕರಿಗೆ ವ್ಯತ್ಯಾಸ ತಿಳಿಯಲಾರದು. ಹತ್ತಿರದಿಂದ ನೋಡುವ ಆಟಗಾರರಿಗೂ ತಿಳಿಯಲಾರದೆಂದು ಭಾವಿಸುತ್ತೇನೆ. ಕರವಸ್ತ್ರ ಬೀಸುವವರು ಕೋಟಿನ ಕಡೆಗೇ ಬೀಸಬಹುದು. ನಾನು ಅಲ್ಲಿದ್ದರೂ ಅದಕ್ಕಿಂತ ಹೆಚ್ಚಿನ ಉತ್ತರ ಕೊಡುತ್ತಿರಲಿಲ್ಲ.

ಕಾರಣ, ಸದರಿ ಭಾನುವಾರ ನನ್ನನ್ನು ಬೆಂಚಿನಿಂದ ಬಿಡುಗಡೆ ಮಾಡಿ, ಪೀಠದವರೆಗಿನ ಆ ಇಪ್ಪತ್ತು ಹೆಜ್ಜೆಗೆ ಫರ್ಮೀನ್ ಬದಲು ನನ್ನನ್ನು ಇಳಿಸಲು ಅನುವು ಮಾಡಿಕೊಡಬೇಕೆಂದು ಪ್ರಾರ್ಥಿಸುತ್ತೇನೆ. ಅದು ಅಡ್ಡಕ್ಕಲ್ಲ, ನೇರ ಮುಂದಕ್ಕೆ ನಡೆಯುವ ಕೆಲಸವಾದ್ದರಿಂದ ನನಗೆ ಅಭ್ಯಾಸ ಕಡಿಮೆ. ಆದರೂ ಮಗು ಕೈ ಹಿಡಿದಿರುವುದರಿಂದ ನಿಭಾಯಿಸಬಲ್ಲೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿ ಉಳಿಯಬಯಸುವ,
ಲೆಯಾಂದ್ರೊ ಬಾರಿಯೆಂತೊಸ್

ಲಗತ್ತುಗಳು:
೧. ಕಪ್ಪು ಕೋಟು, ಒಂದು.
೨. ಭಾನುವಾರ ಆಡುವ ಹನ್ನೊಂದು ಮಂದಿಯ ಪಟ್ಟಿ, ಬದಲಿಯವರ ಸಹಿತ.
೩. ಕಾರ್ಖಾನೆಯ ವ್ಯಾನಿನ ಕೀಲಿ. ಡೀಸೆಲ್ ತುಂಬಿಸಿದ್ದೇನೆ.

ವಿ.ಸೂ.: ಈ ಅರ್ಜಿಯನ್ನು ತಿರಸ್ಕರಿಸುವುದೇ ತಮ್ಮ ತೀರ್ಮಾನವಾದಲ್ಲಿ, ದಯವಿಟ್ಟು ಭಾನುವಾರ ಹನ್ನೆರಡು ಗಂಟೆಯ ನಂತರವೇ ಫೋನ್ ಮಾಡಿ ತಿಳಿಸಬೇಕಾಗಿ ವಿನಂತಿ. ಆ ಹೊತ್ತಿಗೆ ನನ್ನ ಫೋನು ಬಂದ್ ಆಗಿ ನಿಯೆವೆಸಳ ಕೈಚೀಲದಲ್ಲಿರುತ್ತದೆ.